ಕೋವಿ ಶುಚಿ ಮಾಡೋದು ಅಂದ್ರೆ ಕನ್ನಡಿ ಮಾಡೋದಲ್ಲ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗಿದ ಮೇಲೆ ಆ ರಿಲೀಸಿನ ತಪ್ಪುಗಳನ್ನು ತಿದ್ದಲಿಕ್ಕೆ ಇನ್ನೊಂದು ರಿಲೀಸು... ನಿಮಗೆಲ್ಲ ಗೊತ್ತಿರೋ ಕಥೆಯೇ ಬಿಡಿ. ಈ ನಡುವೆ ಕೈಲ್ ಮುಹೂರ್ತಕ್ಕೆ ಅಂತ ಊರಿಗೆ ಹೋಗಿ ಬಂದೆ. ಹಬ್ಬದ ಹಿಂದಿನ ರಾತ್ರಿ ಜಗಲಿಯಲ್ಲಿ ನನಗೂ ಚಿಕ್ಕಪ್ಪನಿಗೂ ಒಂದು ಜಟಾಪಟಿ ಆಯ್ತು. ವಿಷಯ ಇಷ್ಟೇ. ಅವರು ರಾಡು, ಬಟ್ಟೆ, ಎಣ್ಣೆ ಡಬ್ಬಿ ಹಿಡ್ಕೊಂಡು ಅಜ್ಜನ ರೈಫಲ್ ಶುಚಿ ಮಾಡಲಿಕ್ಕೆ ಕೂತ್ರು. ನಾನು ಅಡ್ಡ ಹೋಗಿ, "ಚಿಕ್ಕಪ್ಪ, ದಯವಿಟ್ಟು ಇವತ್ತು ಅದರ ನಳಿಗೆ ಮುಟ್ಟಬೇಡಿ" ಅಂದೆ.

"ಇಂಜಿನಿಯರಿಂಗ್ ಓದಿದ್ದಕ್ಕೆ ಕೋವಿ ಒರೆಸಲಿಕ್ಕೂ ಸೋಮಾರಿತನ ಕಲಿತಿಯಾ?" ಅಂದ್ರು. ಸುತ್ತ ಕೂತವರೆಲ್ಲ ನಕ್ಕರು. (ಮನೆಯಲ್ಲಿ ನಾವಾಡೋದು ಅರೆಭಾಷೆ. ಇಲ್ಲಿ ಎಲ್ಲರಿಗೂ ಅರ್ಥ ಆಗಲಿ ಅಂತ ಮಾತುಗಳನ್ನ ಕನ್ನಡದಲ್ಲೇ ಬರೀತಿದ್ದೀನಿ.)

ಅವತ್ತು ನಗುವಿನ ನಡುವೆ ಹೇಳಲಾಗದ್ದನ್ನು ಇಲ್ಲಿ ಹೇಳ್ತೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ಬೇರೆ ಊರಿನವರಿಗೆ ಒಂದು ಮಾತು. ಕೊಡಗಿನಲ್ಲಿ ಮನೆಯಲ್ಲಿ ಕೋವಿ ಇರೋದು ವಿಶೇಷವೇನಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ನಿಯಮದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಬರೋ ಕೈಲ್ ಮುಹೂರ್ತಕ್ಕೆ ಕೋವಿಗಳನ್ನೆಲ್ಲ ಹೊರಗೆ ತೆಗೆದು, ತೋಕ್‌ಪೂ ಇಟ್ಟು ಪೂಜೆ ಮಾಡ್ತೀವಿ. ಆಮೇಲೆ ಕಡಂಬಿಟ್ಟು, ಪಂದಿಕರಿ. ಊಟ ಆದ ಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ನಮ್ಮ ಅಜ್ಜನಿಗೆ ವರ್ಷದಲ್ಲಿ ಮುಖ್ಯವಾದದ್ದು ಅಂದ್ರೆ ಆ ಒಂದು ಮಧ್ಯಾಹ್ನ.

ಅಜ್ಜನ ಹತ್ತಿರ ಇರೋದು ಚೆಕ್ ದೇಶದ ಹಳೆಯ ಬ್ರನೋ, ಪಾಯಿಂಟ್ ಟೂ ಟೂ ರೈಫಲ್. ನನಗಿಂತ ವಯಸ್ಸಲ್ಲಿ ಬಹಳ ದೊಡ್ಡದು. ನಾನು ಹುಟ್ಟಿದಾಗಿನಿಂದ ಅಜ್ಜ ಅದಕ್ಕೆ ಮಾಡ್ತಿದ್ದ ಸೇವೆ ಬಹಳ ಸರಳ. ಹೊರಗಡೆ ಎಣ್ಣೆ ಬಟ್ಟೆಯಲ್ಲಿ ಒರೆಸೋದು, ಬೋಲ್ಟ್ ತೆಗೆದು ಹಿಂದಿನಿಂದ ಒಂದೆರಡು ಸಲ ಬಟ್ಟೆ ಹಾಯಿಸೋದು, ಅಷ್ಟೇ. ಕಣ್ಣಿಗೆ ಹಿಡಿದು ನೋಡಿದರೆ ಒಳಗೆ ಮಬ್ಬು ಮಬ್ಬು.

ಮೂರು ವರ್ಷದ ಹಿಂದೆ ನನಗೆ ಆ ಮಬ್ಬು ಸಹಿಸಲಾಗಲಿಲ್ಲ. ಬೆಂಗಳೂರಿನಲ್ಲಿ ಕೂತು ವಿಡಿಯೋ ನೋಡಿ ನೋಡಿ ತಲೆ ತುಂಬಿತ್ತು. ಒಂದಕ್ಕೊಂದು ತಿರುಗಿಸಿ ಜೋಡಿಸೋ ಮೂರು ತುಂಡಿನ ಅಲ್ಯೂಮಿನಿಯಂ ರಾಡು, ಗಟ್ಟಿ ಬ್ರಷ್ಷು, ಮೂಗು ಸುಡೋ ವಾಸನೆಯ ದ್ರಾವಣ, ಎಲ್ಲ ತರಿಸಿದೆ. ಹಬ್ಬದ ಹಿಂದಿನ ರಾತ್ರಿ ಎರಡು ಗಂಟೆ ಕೂತು, ಬಾಯಿಯ ಕಡೆಯಿಂದ ರಾಡು ತೂರಿಸಿ, ಹಿಂದೆ ಮುಂದೆ ಹಿಂದೆ ಮುಂದೆ ಉಜ್ಜಿದೆ. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಸ್ಟೀಲ್ ಲೋಟದ ಹಾಗೆ ಥಳಥಳ! ತುಕ್ಕು ಹಿಡಿಯಬಾರದು ಅಂತ ಒಳಗೆ ಧಾರಾಳವಾಗಿ ಎಣ್ಣೆಯನ್ನೂ ಹಾಕಿಟ್ಟೆ. ಅಜ್ಜನಿಗೆ ತೋರಿಸಿದಾಗ ಅವರಿಗೂ ಖುಷಿ. "ಇಂಥ ಮೊಮ್ಮಗ ಬೇಕು" ಅಂತ ಎಲ್ಲರೆದುರು ಹೇಳಿದ್ರು.

ಮರುದಿನ ಮೈದಾನದಲ್ಲಿ ಅಜ್ಜನಿಗೆ ಮೂರು ಗುಂಡು. ಮೂರೂ ಹೋಯ್ತು. ಮೊದಲನೆಯದು ಕಾಯಿಯ ಮೇಲೆ, ಎರಡನೆಯದು ಎಡಕ್ಕೆ, ಮೂರನೆಯದು ಎಲ್ಲಿಗೆ ಅಂತ ಯಾರಿಗೂ ಕಾಣಲಿಲ್ಲ. ಅಜ್ಜ ಕೋವಿಯನ್ನ ನನ್ನ ಕೈಗೆ ಕೊಟ್ಟು, "ಕಣ್ಣು ಹೋಯ್ತು ಮಗ, ಇನ್ನು ಸಾಕು" ಅಂದ್ರು. ಅಷ್ಟೇ. ಮುಂದಿನ ವರ್ಷ ಹೆಸರು ಕೊಡಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಕುರ್ಚಿ ಹಾಕ್ಕೊಂಡು ನೋಡ್ತಾ ಕೂರೋರು.

ತಪ್ಪು ಎಲ್ಲಾಯ್ತು ಅಂತ ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ, ಬೆಂಗಳೂರಿನಲ್ಲಿ ಪರಿಚಯ ಆದ ಒಬ್ಬ ಹಿರಿಯ ಶೂಟರ್ ಜೊತೆ ಹರಟೆ ಹೊಡೀವಾಗ. ಕಥೆ ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ತೊಳೆದ ಮೇಲೆ ಎಷ್ಟು ಗುಂಡು ಹಾರಿಸಿ ನಿಮ್ಮಜ್ಜನ ಕೈಗೆ ಕೊಟ್ರಿ?"

ಒಂದೂ ಇಲ್ಲ.

ದೋಸೆ ಕಾವಲಿ ಗೊತ್ತಲ್ಲ? ಕಬ್ಬಿಣದ್ದು. ದಿನಾ ಎಣ್ಣೆ ಕುಡಿದು ಕುಡಿದು ಪಳಗಿದ ಕಾವಲಿಯಲ್ಲಿ ದೋಸೆ ತಾನಾಗಿ ಏಳುತ್ತೆ. ಯಾರೋ ಅತಿ ಉತ್ಸಾಹಿ ಅದನ್ನ ಸೋಪು, ಉಜ್ಜುವ ತಂತಿ ಹಾಕಿ ಬೆಳ್ಳಗೆ ಮಾಡಿಟ್ಟರೆ ಮರುದಿನ ಮೊದಲ ನಾಲ್ಕು ದೋಸೆ ಕಿತ್ತು ಬರುತ್ತೆ. ಟೂ ಟೂ ನಳಿಗೆಯ ಕಥೆಯೂ ಹೆಚ್ಚುಕಡಿಮೆ ಅದೇ. ಅದರ ಗುಂಡು ಸುಮಾರು 2.6 ಗ್ರಾಮಿನ ಬರೀ ಸೀಸ, ಮೇಲೆ ಮೇಣದಂಥ ಜಿಡ್ಡಿನ ಲೇಪ. ಗುಂಡು ಹಾರಿದ ಹಾಗೆ ಆ ಲೇಪ ನಳಿಗೆಯ ಒಳಗೋಡೆಗೆ ತೆಳ್ಳಗೆ ಹಚ್ಚಿಕೊಳ್ಳುತ್ತಾ ಹೋಗುತ್ತೆ. ಎಲ್ಲ ಗುಂಡಿಗೂ ಒಂದೇ ಥರದ ಹಾದಿ ಸಿಕ್ಕಿದಾಗ ಎಲ್ಲವೂ ಒಂದೇ ಕಡೆ ಬೀಳುತ್ತೆ. ನಾನು ಆ ಹಾದಿಯನ್ನ ಕಿತ್ತು ಹಾಕಿದ್ದೆ. ಮೇಲಿಂದ ಎಣ್ಣೆ ಬೇರೆ. ಅಜ್ಜ ಹೊಡೆದ ಮೂರು ಗುಂಡಿಗೆ ಮೂರು ಬೇರೆ ಬೇರೆ ನಳಿಗೆ ಇದ್ದ ಹಾಗೆ. ಮೊದಲನೆಯದು ಎಣ್ಣೆಯ ಮೇಲೆ ಜಾರಿತು, ಎರಡನೆಯದು ಅರ್ಧ ಎಣ್ಣೆಯಲ್ಲಿ, ಮೂರನೆಯದು ಬೋಳು ಕಬ್ಬಿಣದಲ್ಲಿ.

ಅಜ್ಜನಿಗೆ ಎಂಬತ್ತು ದಾಟಿದೆ, ಕೈ ನಡುಕವೂ ಸೇರಿರಬಹುದು, ಇಲ್ಲ ಅನ್ನಲ್ಲ. ಆದರೆ ಆ ವರ್ಷ ಅವರಿಗೆ ತನ್ನ ಕೈಯನ್ನೋ ಕಣ್ಣನ್ನೋ ಪರೀಕ್ಷೆ ಮಾಡ್ಕೊಳ್ಳೋ ಅವಕಾಶವನ್ನೇ ನಾನು ಕೊಡಲಿಲ್ಲ.

ನಂಬಿಕೆ ಬರದೆ ಕಳೆದ ವರ್ಷ ಸ್ಪರ್ಧೆಯ ಅಭ್ಯಾಸದ ದಿನ ನಾನೇ ಮಾಡಿ ನೋಡಿದೆ. ಮತ್ತೆ ಹಾಗೇ ತೊಳೆದು, ಎಣ್ಣೆ ಹಾಕಿ, 50 ಮೀಟರಿಗೆ ಕಾಗದ ಅಂಟಿಸಿ, ಮರಳು ಚೀಲದ ಮೇಲೆ ಕೋವಿ ಇಟ್ಟು ಹೊಡೆದೆ. ಮೊದಲ ನಾಲ್ಕೈದು ಗುಂಡು ಕಾಗದದ ತುಂಬಾ ಮನಸ್ಸಿಗೆ ಬಂದಲ್ಲಿ ಬಿದ್ದವು. ಎಂಟನೆಯದರ ಹೊತ್ತಿಗೆ ಒಂದು ಕಡೆ ಸೇರಲಿಕ್ಕೆ ಶುರು. ಹದಿನೈದು ಕಳೆದ ಮೇಲೆ ಹೊಡೆದ ಐದನ್ನೂ ಒಂದು ಹಳೆಯ ಎಂಟಾಣೆ ನಾಣ್ಯದಲ್ಲಿ ಮುಚ್ಚಬಹುದಿತ್ತು. ಒಂದೇ ಕೋವಿಯಲ್ಲಿ ಒಂದು ಮಧ್ಯಾಹ್ನ ಮಾಡಿದ ಪರೀಕ್ಷೆ, ಇದರಿಂದ ಜಗತ್ತಿಗೆಲ್ಲ ಸಿದ್ಧಾಂತ ಬರೆಯಲ್ಲ. ಆದರೆ ಟೂ ಟೂ ಹೊಡೆಯೋ ಅನುಭವಿಗಳು ಇದನ್ನೇ ಹೇಳ್ತಾರೆ. ತೊಳೆದ ಮೇಲೆ ನಳಿಗೆ ಮತ್ತೆ ಪಳಗಲಿಕ್ಕೆ ಒಂದಷ್ಟು ಗುಂಡು ಬೇಕು. ಕೆಲವಕ್ಕೆ ಐದು, ಕೆಲವಕ್ಕೆ ಇಪ್ಪತ್ತು.

ಈ ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅಂದಾಜಿಗೆ ಒಂದು ಲೆಕ್ಕ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದಿದ್ದು ಇದೇ ಟೂ ಟೂ ತೋಟಾದ 50 ಮೀಟರ್ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಗುಂಡೇ 5.6 ಮಿಲಿಮೀಟರ್ ದಪ್ಪ. ಇನ್ನು ನಳಿಗೆಯ ಒಳಗಿನ ಸುರುಳಿ ಗೀರುಗಳ ಆಳವೋ, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆ ಗೀರು ಸುಮಾರು 16 ಇಂಚಿಗೆ ಒಂದು ಸುತ್ತು ತಿರುಗುತ್ತೆ. ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟರೆ ಸೆಕೆಂಡಿಗೆ 800 ಸುತ್ತಿಗೂ ಹೆಚ್ಚು ಬುಗುರಿ ತಿರುಗಿದ ಹಾಗೆ ತಿರುಗ್ತಾ ಇರುತ್ತೆ. ಬುಗುರಿಗೆ ಬಿಡುವಾಗಲೇ ಒಂದು ಸಣ್ಣ ತಟ್ಟು ತಟ್ಟಿ ನೋಡಿ, ಏನಾಗುತ್ತೆ ಅಂತ.

ಆ ತಟ್ಟು ಬೀಳೋದು ಎಲ್ಲಿ ಗೊತ್ತಾ? ಕೋವಿಯ ಬಾಯಲ್ಲಿ. ನಳಿಗೆಯ ಕೊನೆಯ ಅಂಚು, ಇಂಗ್ಲಿಷಿನಲ್ಲಿ ಕ್ರೌನ್ ಅಂತಾರೆ. ಗುಂಡು ಕಬ್ಬಿಣವನ್ನು ಕೊನೆಯದಾಗಿ ಮುಟ್ಟೋದು ಅಲ್ಲೇ. ಆ ಅಂಚು ಸುತ್ತಲೂ ಸಮ ಇದ್ದರೆ ಹಿಂದಿನಿಂದ ಬರೋ ಗ್ಯಾಸ್ ಎಲ್ಲ ಕಡೆ ಒಟ್ಟಿಗೆ ಚಿಮ್ಮುತ್ತೆ. ಒಂದು ಕಡೆ ಸವೆದಿದ್ದರೆ ಅಲ್ಲಿಂದ ಮೊದಲು ಚಿಮ್ಮಿ ಗುಂಡಿನ ಬುಡವನ್ನು ಆಚೆ ತಳ್ಳುತ್ತೆ. ನಳಿಗೆಯ ನಡುವೆ ಸ್ವಲ್ಪ ಮಬ್ಬಿದ್ದರೂ ಕೋವಿ ಚೆನ್ನಾಗಿ ಹೊಡೀಬಹುದು, ಬಾಯಿ ಕೆಟ್ಟರೆ ಹೊಡೆಯಲ್ಲ. ನಾನು ಎರಡು ಗಂಟೆ ರಾಡು ಆಡಿಸಿದ್ದು ಆ ಬಾಯಿಯ ಮೇಲೆಯೇ! ಒಂದು ರಾತ್ರಿಗೆ ಅದು ಸವೆದು ಹೋಗಲಿಲ್ಲ, ನಮ್ಮ ಪುಣ್ಯ. ವರ್ಷಾನುಗಟ್ಟಲೆ ಮಾಡಿದ್ದರೆ ಖಂಡಿತ ಹೋಗುತ್ತಿತ್ತು.

ಅದಕ್ಕೇ ನನ್ನ ವಾದ. ನಮ್ಮ ಕಡೆ ಚೆನ್ನಾಗಿ ಇಟ್ಟುಕೊಂಡ ಕೋವಿಗಳು ಕೆಡೋದು ಗುಂಡು ಹೊಡೆದು ಹೊಡೆದು ಅಲ್ಲ, ಶುಚಿ ಮಾಡಿ ಮಾಡಿ. ಟೂ ಟೂ ನಳಿಗೆಗೆ ಗುಂಡಿನಿಂದ ಬರೋ ಸವೆತ ಬಹಳ ಕಡಿಮೆ, ಮೆತ್ತನೆ ಸೀಸ ತಾನೇ. ಗಟ್ಟಿ ರಾಡು, ಅದಕ್ಕೆ ಅಂಟಿದ ಮರಳು, ಓರೆಯಾಗಿ ಎಳೆದ ಹಗ್ಗ, ಇವು ಅದರ ಶತ್ರುಗಳು. ಅಲ್ಯೂಮಿನಿಯಂ ಮೆತ್ತಗಿದೆ, ಕಬ್ಬಿಣಕ್ಕೆ ಏನೂ ಮಾಡಲ್ಲ ಅಂತ ನಾನಂದುಕೊಂಡಿದ್ದೆ. ಮೆತ್ತಗಿರೋದೇ ತೊಂದರೆ, ಧೂಳಿನ ಕಣ ಅದರೊಳಗೆ ಕಚ್ಚಿಕೊಂಡು ರಾಡು ಉಪ್ಪುಕಾಗದ ಆಗುತ್ತೆ. ಮೂರು ತುಂಡು ಸೇರೋ ಜಾಗದ ಅಂಚುಗಳು ಬೇರೆ.

ಹಗ್ಗದ ವಿಷಯ ಬಂದಾಗ ಎನ್‌ಸಿಸಿ ನೆನಪಾಗುತ್ತೆ. ಕಾಲೇಜಿನಲ್ಲಿ ನಾನೂ ಕೆಡೆಟ್. ಫೈರಿಂಗ್ ಮುಗಿದ ಮೇಲೆ ಸಾಲಾಗಿ ಕೂತು ಪುಲ್‌ಥ್ರೂ ಎಳೆಯೋ ಕೆಲಸ. ಪುಲ್‌ಥ್ರೂ ಅಂದ್ರೆ ಒಂದು ತುದಿಗೆ ಹಿತ್ತಾಳೆ ಭಾರ, ಇನ್ನೊಂದು ಕಡೆ ಕುಣಿಕೆಗಳಿರೋ ಹಗ್ಗ. ಕುಣಿಕೆಗೆ ಸಿಕ್ಕಿಸೋ ಬಟ್ಟೆ ತುಂಡಿಗೆ 'ಚಿಂದಿ' ಅಂತ ಹೆಸರು. ಉಸ್ತಾದರ ಆಜ್ಞೆ ಒಂದೇ, "ಶೀಶೇ ಕೀ ತರಹ್ ಚಮಕನಾ ಚಾಹಿಯೇ!" ಕನ್ನಡಿ ಥರ ಹೊಳೀಬೇಕು. ಹೊಳೆಯದಿದ್ದರೆ ಮೈದಾನ ಸುತ್ತೋದು. ಇಪ್ಪತ್ತು ಜನ ಇಪ್ಪತ್ತು ಕೋನದಲ್ಲಿ ಎಳೀತಿದ್ವಿ. ಬ್ರಿಟಿಷರ ಕಾಲದ .303 ರೈಫಲ್‌ಗಳಲ್ಲೇ ಈ ರೋಗಕ್ಕೆ ಹೆಸರಿತ್ತು, ಕಾರ್ಡ್ ವೇರ್, ಅಂದ್ರೆ ಹಗ್ಗದ ಸವೆತ. ಓರೆಯಾಗಿ ಎಳೆದ ಹಗ್ಗ ಬಾಯಿಯ ಅಂಚಿನಲ್ಲಿ ಬಾವಿಯ ಕಲ್ಲಿನ ಮೇಲೆ ಬೀಳೋ ಥರ ಗಾಡಿ ಕೊರೆಯುತ್ತಿತ್ತು. ಹಗ್ಗ ನೇರ ಎಳೆದರೆ ಪುಲ್‌ಥ್ರೂ ಒಳ್ಳೆಯ ಸಾಧನವೇ, ಅದನ್ನ ಬೈಯ್ಯಲ್ಲ.

ಉಸ್ತಾದರನ್ನೂ ಬೈಯ್ಯಲ್ಲ. ಆ ಕನ್ನಡಿ ಹುಚ್ಚಿಗೆ ಒಂದು ಕಾಲದಲ್ಲಿ ಗಟ್ಟಿ ಕಾರಣ ಇತ್ತು. ಹಳೆಯ .303 ತೋಟಾದ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು. ಅದು ಸಿಡಿದ ಮೇಲೆ ಉಳಿಯೋದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರು ಬಿಡೋದು ನೋಡಿದ್ದೀರಲ್ಲ? ಅದೇ ಕೆಲಸ ನಳಿಗೆಯೊಳಗೆ ಆಗುತ್ತೆ, ಬೆಳಗಾಗೋದರೊಳಗೆ ತುಕ್ಕು. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಲ್ಲಿ ಕರಗುತ್ತೆ. ಹಾಗಾಗಿ ಸಿಪಾಯಿಗಳು ಆಲಿಕೆ ಇಟ್ಟು ನಳಿಗೆಗೆ ಕುದಿಯೋ ನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಹಾಕ್ತಿದ್ದರು. ಕರಿಮದ್ದು ತುಂಬೋ ನಮ್ಮ ಕೇಪಿನ ಕೋವಿಗೂ ಅಷ್ಟೇ. ಹೊಡೆದ ದಿನವೇ ಬಿಸಿನೀರಲ್ಲಿ ತೊಳೀಬೇಕು, ಇದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಈಗಿನ ಟೂ ಟೂ ತೋಟಾದಲ್ಲಿ ಆ ಉಪ್ಪು ಇಲ್ಲ. ಕಾರಣ ಹೋದ ಮೇಲೂ ಶಾಸ್ತ್ರ ಮಾತ್ರ ಉಳಿದಿದೆ. ನಮ್ಮ ಆಫೀಸಿನ ಹಳೇ ಕೋಡಿನಲ್ಲೂ ಇಂಥ ಸಾಲುಗಳು ಬೇಕಾದಷ್ಟಿವೆ, ಯಾಕೆ ಬರೆದದ್ದು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ, ತೆಗೆಯಲಿಕ್ಕೆ ಎಲ್ಲರಿಗೂ ಭಯ :-)

ಹಾಗಂತ 'ಟೂ ಟೂ ನಳಿಗೆ ಯಾವತ್ತೂ ತೊಳೀಬಾರದು' ಅನ್ನೋ ಇನ್ನೊಂದು ಪಂಗಡ ಇದೆ. ಅವರ ಮಾತೂ ನನಗೆ ಹಿಡಿಸಲ್ಲ. ಅವರು ನಮ್ಮೂರಿನ ಜುಲೈ ತಿಂಗಳು ನೋಡಿಲ್ಲ. ಗೋಡೆಗೆ ತೂಗುಹಾಕಿದ ಬೆಲ್ಟಿನ ಮೇಲೆ ಹಸಿರು ಬೂಷ್ಟು ಬರೋ ಜಾಗದಲ್ಲಿ ಕೋವಿಯನ್ನ ಹಾಗೇ ಬಿಟ್ಟರೆ ಏನಾಗುತ್ತೆ ಅಂತ ಬೇರೆ ಹೇಳಬೇಕಾ? ಜೊತೆಗೆ, ತೋಟಾ ಕೂರೋ ಜಾಗದ ಸ್ವಲ್ಪ ಮುಂದೆ, ಗುಂಡು ಗೀರಿಗೆ ಹೊಗುವಲ್ಲಿ, ಹೊಗೆಯ ಕಿಟ್ಟ ಉಂಗುರದ ಹಾಗೆ ಗಟ್ಟಿ ಕಟ್ಟುತ್ತಾ ಬರುತ್ತೆ. ಅದು ದಪ್ಪ ಆದರೆ ಗುರಿ ನಿಧಾನಕ್ಕೆ ಹರಡುತ್ತೆ. ಅದನ್ನ ತೆಗೀಲೇಬೇಕು. ಯಾವಾಗ ಅಂತ ಹೇಳೋದು ಟಾರ್ಚ್ ಅಲ್ಲ, ಕಾಗದ. ಮಾಮೂಲಿ ತೋಟಾ, ಮಾಮೂಲಿ ದೂರ, ಆದರೂ ಗುಂಡುಗಳು ದೂರ ದೂರ ಬೀಳ್ತಿವೆ ಅಂದ್ರೆ ತೊಳೆಯೋ ಹೊತ್ತು ಬಂತು ಅಂತ.

ನಾನೀಗ ಮಾಡೋದು ಹೀಗೆ. ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ತೆರೆದು, ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಿ ತೋಟಾ ಇಲ್ಲ ಅಂತ ಖಾತ್ರಿ ಮಾಡ್ಕೊಳ್ತೀನಿ. ಮನೆಯಲ್ಲಿ ಎಲ್ಲರೂ 'ಖಾಲಿ ಇದೆ' ಅಂದಿದ್ದರೂ ಸರಿ. ಬೋಲ್ಟ್ ಪೂರ್ತಿ ಹೊರಗೆ ಬಂದರೆ ಹಿಂದಿನ ದಾರಿ ತೆರೆದ ಹಾಗೆ, ರಾಡು ಯಾವತ್ತೂ ಆ ಕಡೆಯಿಂದಲೇ ಹೋಗಬೇಕು. ಮೂರು ತುಂಡಿನ ರಾಡು ಗುಜರಿಗೆ ಹೋಯ್ತು. ಈಗಿರೋದು ಪ್ಲಾಸ್ಟಿಕ್ ಲೇಪದ ಒಂದೇ ಉದ್ದದ ರಾಡು. ಅದು ಓರೆಯಾಗಿ ಗೀರುಗಳಿಗೆ ಉಜ್ಜದ ಹಾಗೆ ಹಿಂದೆ ಒಂದು ಕೊಳವೆ ಗೈಡು ಕೂರಿಸ್ತೀನಿ. ದ್ರಾವಣದಲ್ಲಿ ನೆನೆದ ಬಟ್ಟೆ ತುಂಡು ಒಂದು ಸಲ ಮುಂದಕ್ಕೆ. ಬಾಯಲ್ಲಿ ಹೊರಬಂದ ಕೂಡಲೇ ಬಟ್ಟೆ ಕಳಚಿ, ಬರೀ ರಾಡನ್ನ ಹಿಂದಕ್ಕೆ ಎಳೀತೀನಿ. ಕೊಳೆಯನ್ನ ಮತ್ತೆ ಒಳಗೆ ಯಾಕೆ ಎಳ್ಕೋಬೇಕು? ಹತ್ತು ನಿಮಿಷ ಹಾಗೇ ಬಿಟ್ಟು, ಆ ಹೊತ್ತಿಗೆ ಕಾಫಿ ಕುಡಿದು, ಒಣ ಬಟ್ಟೆ ಮೂರೋ ನಾಲ್ಕೋ. ಮುಕ್ಕಾಲು ಪಾಲು ಸಲ ಇಷ್ಟಕ್ಕೇ ಮುಗೀತು.

ಆ ಕಿಟ್ಟದ ಉಂಗುರ ಇದ್ದರೆ ಮಾತ್ರ ಕಂಚಿನ ಬ್ರಷ್ಷು, ನಾಲ್ಕೈದು ಸಲ. ಉಕ್ಕಿನ ಬ್ರಷ್ ಹತ್ತಿರ ಸೇರಿಸಲ್ಲ. ಬ್ರಷ್ಷನ್ನ ನಳಿಗೆಯ ನಡುವೆ ದಿಕ್ಕು ಬದಲಿಸಲ್ಲ, ಪೂರ್ತಿ ಹೊರಗೆ ಬಂದ ಮೇಲೆಯೇ ವಾಪಸು. ಕ್ರೌನನ್ನ ಮೆತ್ತನೆ ಬಟ್ಟೆಯಲ್ಲಿ ಬೆರಳಿಂದ ಒರೆಸಿದರೆ ಸಾಕು. ಮೂಗು ಸುಡೋ ಅಮೋನಿಯಾ ದ್ರಾವಣ ಟೂ ಟೂಗೆ ಬೇಕಾಗೇ ಇಲ್ಲ. ಅದು ತಾಮ್ರದ ಕವಚದ ಗುಂಡು ಹೊಡೆಯೋ ದೊಡ್ಡ ರೈಫಲ್‌ಗಳ ತಾಮ್ರ ತೆಗೆಯಲಿಕ್ಕೆ. (ಅಲ್ಲೂ ಒಂದು ತಮಾಷೆ ಇದೆ. ಬಟ್ಟೆ ನೀಲಿ ಬಂದರೆ ತಾಮ್ರ ಇದೆ ಅಂತ ಅರ್ಥ. ರಾಡಿನ ತುದಿ ಹಿತ್ತಾಳೆಯದಾದರೆ ಅದೂ ಕರಗಿ ನೀಲಿ ಬಿಡುತ್ತೆ. ಎಷ್ಟು ಉಜ್ಜಿದರೂ ಮುಗಿಯದ ನೀಲಿ!)

ಎಣ್ಣೆ ಮಳೆಗಾಲಕ್ಕೆ ಇಡೋವಾಗ ಮಾತ್ರ, ಅದೂ ಒಂದು ಬಟ್ಟೆಯಲ್ಲಿ ಸವರಿದಷ್ಟು. ನಮ್ಮನೇಲಿ ಮೊದಲು ತೆಂಗಿನೆಣ್ಣೆ ಹಚ್ಚುತ್ತಿದ್ದರಂತೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತೆ, ಮಡಿಕೇರಿ ಚಳಿಯಲ್ಲಿ ಬೋಲ್ಟ್ ಬಿಗಿದು ಕೂರೋದು. ಕಾಯಿ ಒಡೆಯೋ ಕೋವಿಯ ಮೇಲೆ ತೆಂಗಿನಮರದ ಸೇಡು ಇರಬೇಕು. ಚರ್ಮದ ಚೀಲದಲ್ಲಿ ಹಾಕಿ ತಿಂಗಳುಗಟ್ಟಲೆ ಇಡಬಾರದು, ತೇವ ಹಿಡಿದಿಟ್ಟುಕೊಳ್ಳುತ್ತೆ. ಹೊಡೆಯೋ ಮೊದಲು ಒಣ ಬಟ್ಟೆ ಎರಡು ಸಲ ಹಾಯಿಸಿ ಎಣ್ಣೆ ತೆಗೀಬೇಕು. ಆಮೇಲೆ ಅಭ್ಯಾಸದ ದಿನ ಹದಿನೈದು ಗುಂಡು ಹೊಡೆದು, ಸ್ಪರ್ಧೆ ಮುಗಿಯೋವರೆಗೆ ನಳಿಗೆಯ ಒಳಗೆ ಏನನ್ನೂ ಹಾಕಬಾರದು. ಚಿಕ್ಕಪ್ಪನ ಜೊತೆ ಜಗಳ ಆಗಿದ್ದು ಇದಕ್ಕೇ.

ಜಗಳ ನಡೀತಿದ್ದಾಗ ಅಜ್ಜ ಒಳಗಿಂದ ಬಂದ್ರು. "ಏನದು?" ಅಂದ್ರು. ಇನ್ನೂ ಮುಚ್ಚಿಡಲಿಕ್ಕೆ ಆಗಲಿಲ್ಲ. ಮೂರು ವರ್ಷದ ಹಿಂದಿನದನ್ನ ಎಲ್ಲರೆದುರೇ ಹೇಳಿದೆ. ಬಾಯಿ ಕಡೆಯಿಂದ ಉಜ್ಜಿದ್ದು, ಎಣ್ಣೆ ಹಾಕಿದ್ದು, ಕಾಗದದ ಮೇಲೆ ಮಾಡಿದ ಪರೀಕ್ಷೆ, ಎಲ್ಲ. ಬೈತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಹೇಳಲಿಕ್ಕೆ ಇಷ್ಟು ದಿನ ಬೇಕಾಯ್ತಾ ನಿನಗೆ?" ಅಂದ್ರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ರಾಡು ಒಳಗಿಡು. ನಾಳೆ ನನ್ನ ಹೆಸರು ಕೊಡಿ."

ಮರುದಿನ ಮಧ್ಯಾಹ್ನ ಮೂರು ಗುಂಡು. ಮೊದಲನೆಯದು ಕಾಯಿಯ ಬಲಕ್ಕೆ ಹೋಯ್ತು. ನನ್ನ ಎದೆ ಧಸಕ್ ಅಂತು. ಅಜ್ಜ ತಿರುಗಿ ನನ್ನ ಮುಖ ನೋಡಿ, "ಇದು ಕೋವಿಯದ್ದಲ್ಲ, ನಂದೇ" ಅಂತ ನಕ್ಕರು. ಕನ್ನಡಕ ಒರೆಸಿಕೊಂಡು, ಉಸಿರು ಹಿಡಿದು ಎರಡನೆಯದು ಹೊಡೆದರು. ಕಾಯಿ ಒಡೆದು ನೀರು ಸುರೀತು. ಮೂರನೆಯದೂ ಹೋಯ್ತು, ಬಹುಮಾನ ಬೇರೆಯವರಿಗೆ ಬಂತು. ಮನೆಗೆ ಬರೋ ದಾರಿಯುದ್ದಕ್ಕೂ ಆ ಮೂರನೆಯದು ಯಾಕೆ ತಪ್ಪಿತು ಅಂತಲೇ ಅಜ್ಜನ ಮಾತು.

ಚಿಕ್ಕಪ್ಪ ಮಾತ್ರ ಸಂಜೆ ಜಗಲಿಯಲ್ಲಿ ಕೂತು ತಮ್ಮ ರೈಫಲ್‌ಗೆ ಇಪ್ಪತ್ತು ಸಲ ಪುಲ್‌ಥ್ರೂ ಎಳೆದರು. ನಾನು ಎಣಿಸಿದೆ.